ಎರೆ ಮಣ್ಣಿನ ಮೇಲೆ ರೆಡಿಮಿಕ್ಸ್ ಸ್ಲ್ಯಾಬ್: ಬಿಸಿಲು ಮಳೆ ಎರಡೂ ಕಂಡಾದ್ಮೇಲೆ ಬರೀತಿರೋ ರಿವ್ಯೂ

ಎರೆ ಮಣ್ಣಲ್ಲಿ, ಸೆಕೆ ಜಾಸ್ತಿ ಇರೋ ಕಡೆ ಕಟ್ಟಡ ಕಟ್ಟೋರು ರೆಡಿಮಿಕ್ಸ್ (ಪ್ಲಾಂಟಲ್ಲೇ ಕಲಸಿ ಗಾಡೀಲಿ ತರೋ ಕಾಂಕ್ರೀಟ್) ತಗೋಬೇಕಾ ಇಲ್ಲ ಸೈಟಲ್ಲೇ ಕಲಸ್ಕೋಬೇಕಾ ಅಂತ ಕೇಳ್ತಾನೇ ಇರ್ತಾರೆ, ನನ್ನ ಉತ್ತರ ರೆಡಿಮಿಕ್ಸೇ ತಗೊಳ್ಳಿ ಅಂತ. ಕಾಂಕ್ರೀಟ್ ಗಟ್ಟಿ ಬರುತ್ತೆ ಅಂತ ಹೇಳ್ತಿಲ್ಲ, ಚೆನ್ನಾಗಿ ಅಳತೆ ಮಾಡಿ ಕಲಸಿದ್ರೆ ಸೈಟಲ್ಲೂ ಗಟ್ಟಿ ಬರುತ್ತೆ, ಆದ್ರೆ ಗಾಡಿ ಜೊತೆ ಒಂದು ಚೀಟಿ ಬರುತ್ತಲ್ಲ, ಎಷ್ಟು ಹೊತ್ತಿಗೆ ಕಲಸಿದ್ದು, ನೀರು ಎಷ್ಟು, ಸಿಮೆಂಟ್ ಎಷ್ಟು, ಕೆಮಿಕಲ್ ಯಾವ್ದು ಅಂತ, ಆ ಚೀಟಿಗೋಸ್ಕರ ತಗೊಳ್ಳಿ. ಈ ಮಣ್ಣಲ್ಲಿ ಸ್ಲ್ಯಾಬ್ ಹಾಳಾಗೋದೆಲ್ಲ ನೀರಿಂದಾನೇ, ಕೆಳಗೆ ಮಣ್ಣಿಗೆ ಸೇರೋ ನೀರು, ಕಾಂಕ್ರೀಟಿಗೆ ಜಾಸ್ತಿ ಬೀಳೋ ನೀರು, ಹಾಕಾದ್ಮೇಲೆ ಕಮ್ಮಿ ಬೀಳೋ ನೀರು. ಈ ಮೂರರಲ್ಲಿ ಒಂದಕ್ಕೆ ಮಾತ್ರ ರೆಡಿಮಿಕ್ಸ್‌ನವರು ಜವಾಬ್ದಾರರು, ಉಳಿದ ಎರಡು ನಮ್ಮ ತಲೆ ಮೇಲೇ. ಅದನ್ನ ತಿಳ್ಕೊಂಡು ಓದಿ.

ಕಂಪನಿ ಹೆಸರು ಹಾಕಲ್ಲ, ಕೇಳ್ಬೇಡಿ. ಒಂದೇ ಕಂಪನಿ ಎರಡು ಪ್ಲಾಂಟಲ್ಲಿ ಎರಡು ಥರ ಇರುತ್ತೆ, ಒಂದೇ ಪ್ಲಾಂಟಲ್ಲಿ ಬೆಳಗ್ಗೆ ಶಿಫ್ಟ್ ಒಂಥರ ಮಧ್ಯಾಹ್ನ ಶಿಫ್ಟ್ ಇನ್ನೊಂಥರ.

ನೆಲದ ಸ್ಲ್ಯಾಬಿಗೆ ನಾವು ಆರ್ಡರ್ ಮಾಡಿದ್ದು ಎಂ30 (ಕಾಂಕ್ರೀಟಿನ ಶಕ್ತಿಯ ದರ್ಜೆ), 20 ಮಿಮೀ ಜಲ್ಲಿ, ನೀರು ಸಿಮೆಂಟ್ ರೇಶಿಯೋ 0.45, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) ಬೆರೆಸಿದ ಮಿಕ್ಸ್, ಜೊತೆಗೆ ರಿಟಾರ್ಡರ್, ಅಂದ್ರೆ ಕಾಂಕ್ರೀಟ್ ಬೇಗ ಸೆಟ್ ಆಗದಂಗೆ ತಡೆಯೋ ಕೆಮಿಕಲ್. ಫೋನಲ್ಲಿ ಸೇಲ್ಸ್‌ನವರು ಮೊದಲು ಬೇರೆ ಏನೋ ಹೇಳಿದ್ರು, ಬರೀ ಓಪಿಸಿ 53 ಗ್ರೇಡ್ (ಸ್ಲ್ಯಾಗ್ ಗೀಗ್ ಬೆರೆಸದ ಸಾದಾ ಸಿಮೆಂಟ್) ತಗೊಳ್ಳಿ ಸಾರ್ ಬೇಗ ಸ್ಟ್ರೆಂತ್ ಬರುತ್ತೆ ಬೇಗ ಕೆಲಸ ಮುಂದಕ್ಕೆ ಹೋಗುತ್ತೆ ಅಂತ. ಬಿಸಿಲು ಜಾಸ್ತಿ ಇರೋ ಕಡೆ ಅದೇ ಬೇಡದೇ ಇರೋದು. ಬಿಸೀಲಿ ಸೆಟ್ ಆಗೋ ಕಾಂಕ್ರೀಟಿಗೆ ಮೊದಲ ದಿನಗಳಲ್ಲಿ ಶಕ್ತಿ ಬೇಗ ಬರುತ್ತೆ, 28 ದಿನಕ್ಕೆ ನೋಡಿದ್ರೆ ತಣ್ಣಗೆ ಸೆಟ್ ಆಗಿರೋದಕ್ಕಿಂತ ಹಿಂದೆ ಬಿದ್ದಿರುತ್ತೆ. ಸ್ಲ್ಯಾಗ್ ಇಲ್ಲಾಂದ್ರೆ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರೋ ಬೂದಿ) ಬೆರೆತಿದ್ರೆ ಒಳಗಿನ ಶಾಖ ಕಮ್ಮಿ, ನಿಧಾನಕ್ಕೆ ಗಟ್ಟಿ ಆಗುತ್ತೆ, ಆದ್ರೆ ಒಳಗಿನ ಸಣ್ಣ ರಂಧ್ರಗಳು ಮುಚ್ಕೊಂಡು ನೀರು ಉಪ್ಪು ಒಳಗೆ ಹೋಗೋದು ಕಷ್ಟ ಆಗುತ್ತೆ, ಜೇಡಿ ಮಣ್ಣಲ್ಲಿರೋ ಸಲ್ಫೇಟಿಗೂ ಇದು ಚೆನ್ನಾಗಿ ತಡ್ಕೊಳ್ಳುತ್ತೆ. ಬದಲಿಗೆ ಕ್ಯೂರಿಂಗ್, ಅಂದ್ರೆ ಹಾಕಿದ ಕಾಂಕ್ರೀಟನ್ನ ಒದ್ದೆಯಾಗಿ ಇಡೋದು, ಜಾಸ್ತಿ ದಿನ ಮಾಡ್ಬೇಕು, 7 ದಿನಕ್ಕೆ ನಿಲ್ಸಂಗಿಲ್ಲ, ಕಮ್ಮಿ ಅಂದ್ರೂ 10, ನನ್ನ ಕೇಳಿದ್ರೆ 14. ನಾನು ಬಿಡದೆ ಕೇಳಿದ್ಮೇಲೆ ಪ್ಲಾಂಟಿನ ಕ್ವಾಲಿಟಿ ಕಂಟ್ರೋಲ್ ಇಂಜಿನಿಯರ್ ಹತ್ರ ಲೈನ್ ಕೊಟ್ರು, ಆ ಮನುಷ್ಯರಿಗೆ ವಿಷಯ ಗೊತ್ತಿತ್ತು, ಎರಡೇ ನಿಮಿಷದಲ್ಲಿ ಮಿಕ್ಸ್ ಫಿಕ್ಸ್ ಆಯ್ತು. ಸೇಲ್ಸ್‌ಗೆ ಎರಡು ಮಾರ್ಕ್ಸ್, ಈ ಇಂಜಿನಿಯರಿಗೆ ಪೂರ್ತಿ.

ಈಗ ಮಣ್ಣಿನ ವಿಷಯ, ಯಾಕಂದ್ರೆ ಇದನ್ನ ಬಿಟ್ಟು ಕಾಂಕ್ರೀಟ್ ರಿವ್ಯೂ ಬರೆಯೋದ್ರಲ್ಲಿ ಅರ್ಥ ಇಲ್ಲ. ಎರೆ ಮಣ್ಣಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಇರುತ್ತೆ, ಅದರ ಪದರಗಳ ನಡುವೆ ನೀರು ಸೇರ್ಕೊಂಡ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗಿ ಕೈ ತೂರೋ ಅಷ್ಟು ಬಿರುಕು ಬಿಡುತ್ತೆ. ಎಷ್ಟು ಉಬ್ಬುತ್ತೆ ಅಂತ ನೋಡೋಕೆ ಲ್ಯಾಬಲ್ಲಿ ಒಂದು ಸುಲಭದ ಪರೀಕ್ಷೆ ಇದೆ, 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣು ಹತ್ತತ್ತು ಗ್ರಾಂ ಎರಡು ಅಳತೆ ಗ್ಲಾಸಿಗೆ ಹಾಕಿ ಒಂದಕ್ಕೆ ನೀರು ಇನ್ನೊಂದಕ್ಕೆ ಸೀಮೆಎಣ್ಣೆ 100 ಮಿಲಿ ಗುರುತಿನವರೆಗೆ ತುಂಬಿ 24 ಗಂಟೆ ಬಿಡ್ತಾರೆ. ಸೀಮೆಎಣ್ಣೇಲಿ ಮಣ್ಣು ಉಬ್ಬಲ್ಲ, ನೀರಲ್ಲಿ ಉಬ್ಬುತ್ತೆ, ಎರಡರ ವ್ಯತ್ಯಾಸ ಶೇಕಡಾ ಲೆಕ್ಕದಲ್ಲಿ 50 ದಾಟಿದ್ರೆ ಹುಷಾರಾಗಿರಿ ಅಂತ ಅರ್ಥ. ನಮ್ಮದು ದಾಟಿತ್ತು. ಮಣ್ಣು ಪರೀಕ್ಷೆ ಮಾಡಿಸ್ದೆ ಪಕ್ಕದ ಕಟ್ಟಡದವರು ಎಷ್ಟು ಅಡಿ ತೋಡಿದ್ರು ಅಂತ ಕೇಳ್ಕೊಂಡು ಪಾಯ ತೋಡೋರನ್ನ ನೋಡಿದ್ರೆ ನಂಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ.

ಈ ಉಬ್ಬೋದು ಕುಗ್ಗೋದು ಮಣ್ಣಿನ ಮೇಲಿನ ಭಾಗದಲ್ಲಿ ಮಾತ್ರ ಜೋರು, ಋತು ಬದಲಾದಂಗೆ ತೇವ ಬದಲಾಗೋ ಆಳ ಅಂತ ಒಂದಿರುತ್ತೆ, ಅದರ ಕೆಳಗೆ ಹೋದ್ರೆ ಮಣ್ಣು ಹೆಚ್ಚುಕಮ್ಮಿ ಸುಮ್ನಿರುತ್ತೆ. ಅದಕ್ಕೇ ನಮ್ಮ ಸ್ಟ್ರಕ್ಚರಲ್ ಇಂಜಿನಿಯರ್ ಅಂಡರ್ ರೀಮ್ಡ್ ಪೈಲ್ (ನೆಲ ಕೊರೆದು ಕಾಂಕ್ರೀಟ್ ತುಂಬಿ ಮಾಡೋ ಕಂಬ) ಹಾಕ್ಸಿದ್ರು, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಪದ್ಧತಿ ಇದು, ಕೊರೆದ ಗುಂಡಿಯ ಕೆಳಗಡೆ ಒಂದು ಬಲ್ಬ್ ಥರ ಅಗಲ ಮಾಡ್ತಾರೆ, ಸಾಮಾನ್ಯವಾಗಿ ಪೈಲಿನ ದಪ್ಪದ 2.5 ಪಟ್ಟು, ಮೇಲಿನ ಮಣ್ಣು ಉಬ್ಬಿ ಪೈಲನ್ನ ಮೇಲಕ್ಕೆ ಎಳೆದ್ರೂ ಆ ಬಲ್ಬ್ ಕೆಳಗೆ ಹಿಡ್ಕೊಂಡಿರುತ್ತೆ. ಪೈಲ್ ಮೇಲೆ ಪ್ಲಿಂತ್ ಬೀಮ್ (ಗೋಡೆ ಹೊರೋ ಅಡ್ಡ ತೊಲೆ), ಬೀಮ್ ಕೆಳಗೆ ಮಣ್ಣಿಗೂ ಅದಕ್ಕೂ ನಡುವೆ 75 ಮಿಮೀ ಖಾಲಿ ಸಂದಿ. ಈ ಸಂದಿಯೇ ಮುಖ್ಯ, ಮಣ್ಣು ಉಬ್ಬೋಕೆ ಅದು ಜಾಗ, ಇಲ್ಲಾಂದ್ರೆ ಬೀಮನ್ನೇ ಎತ್ತುತ್ತೆ. ಎಲ್ಲಾ ಸೈಟಲ್ಲೂ ನಡೆಯೋದು ಏನಂದ್ರೆ ಹಾವು ಇಲಿ ಸೇರ್ಕೊಳ್ಳುತ್ತೆ ಅಂತ ಯಾರೋ ಒಬ್ಬರು ಆ ಸಂದಿಗೆ ಮಣ್ಣು ತುರುಕಿಬಿಡ್ತಾರೆ, ಅಲ್ಲಿಗೆ ಖರ್ಚು ಮಾಡಿದ್ದೆಲ್ಲ ಮುಗೀತು. ಪಕ್ಕದಿಂದ ಭಾರ ಹೊರದೇ ಇರೋ ಹಾಗೆ ತೆಳು ಹಲಗೆಯಲ್ಲಿ ಮುಚ್ಚಿದ್ರೆ ಸಾಕು.

ನೆಲದ ಸ್ಲ್ಯಾಬಿಗೆ ಮೇಲಿನ ಎರೆ ಮಣ್ಣು ತೆಗೆದು ಉಬ್ಬದೇ ಇರೋ ಗರಸು ಹಾಕಿ ಪದರ ಪದರವಾಗಿ ರೋಲರ್ ಹೊಡೆಸಿದ್ದು. ಇಲ್ಲಿ ಮೇಸ್ತ್ರಿಗೂ ನಂಗೂ ಸ್ವಲ್ಪ ಮಾತುಕತೆ ಆಯ್ತು, ಅವರಿಗೆ ಮರಳು ತುಂಬ್ಬೇಕು ಅಂತ, ಎಲ್ರೂ ಮರಳೇ ತುಂಬೋದು ಅಂತ. ಎರೆ ಮಣ್ಣಲ್ಲಿ ತೋಡಿದ ಗುಂಡಿಗೆ ಬರೀ ಮರಳು ತುಂಬಿದ್ರೆ ಅದು ನೀರಿನ ತೊಟ್ಟಿ ಆಗುತ್ತೆ, ಸುತ್ತ ಜೇಡಿ ನೀರು ಬಿಡಲ್ಲ, ಮಳೆ ನೀರೆಲ್ಲ ಮರಳೊಳಗೆ ಇಳಿದು ಅಲ್ಲೇ ನಿಂತು ನಿಧಾನಕ್ಕೆ ಕೆಳಗಿನ ಮಣ್ಣನ್ನ ಉಬ್ಬಿಸುತ್ತೆ. ಸ್ವಲ್ಪ ಅಂಟು ಇರೋ ಆದ್ರೆ ಉಬ್ಬದೇ ಇರೋ ಮಣ್ಣು ಬೇಕು, ನೀರು ಸುಲಭಕ್ಕೆ ಇಳೀಬಾರದು. ಜಾಗ ಇದ್ದು ಗರಸು ಸಿಗದೇ ಇದ್ರೆ ಇರೋ ಮಣ್ಣಿಗೇ ಸುಣ್ಣ ಬೆರೆಸೋದೂ ಒಂದು ದಾರಿ, ಜೇಡಿಯ ಅಂಟು ಕಮ್ಮಿ ಆಗುತ್ತೆ, ಆದ್ರೆ ಮಣ್ಣಲ್ಲಿ ಸಲ್ಫೇಟ್ ಜಾಸ್ತಿ ಇದ್ರೆ ಸುಣ್ಣ ಅದರ ಜೊತೆ ಸೇರಿ ಇನ್ನೂ ಜಾಸ್ತಿ ಉಬ್ಬಿಸುತ್ತೆ, ಹಂಗಾಗಿ ಪರೀಕ್ಷೆ ಮಾಡಿಸ್ದೆ ಬೆರೆಸ್ಬೇಡಿ. ಇನ್ನೊಂದು, ತೋಡಿದ ಪಾಯವನ್ನ ವಾರಗಟ್ಟಲೆ ಬಿಸಿಲಿಗೆ ತೆರೆದಿಡಬಾರದು, ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ಕಾಂಕ್ರೀಟ್ ಹಾಕಿದ್ರೆ ಆಮೇಲೆ ನೀರು ಕುಡಿದು ಉಬ್ಬುತ್ತೆ. ಮಳೆ ಬಂದು ಮೇಲೆ ಕೆಸರಾಗಿದ್ರೆ ಆ ಕೆಸರು ಕೆರೆದು ತೆಗೆದು ಆಮೇಲೆ ಬೆಡ್ ಕಾಂಕ್ರೀಟ್, ಅಂದ್ರೆ ಮಣ್ಣಿನ ಮೇಲೆ ಮೊದಲು ಹಾಕೋ ತೆಳು ಪದರ.

ಬೆಡ್ ಮೇಲೆ ಪ್ಲಾಸ್ಟಿಕ್ ಶೀಟ್, 250 ಮೈಕ್ರಾನ್. ಇದರ ರಿವ್ಯೂನೂ ಇಲ್ಲೇ ಮುಗಿಸ್ತೀನಿ, ಶೀಟ್ ಚೆನ್ನಾಗಿತ್ತು, ಹರಿದಿದ್ದು ಕಂಬಿ ಕಟ್ಟೋರ ಕಾಲಿಂದ ಮತ್ತೆ ಬೈಂಡಿಂಗ್ ವೈರಿನ ತುದಿಯಿಂದ, ಜೋಡಣೆ ಹತ್ರ 150 ಮಿಮೀ ಒಂದರ ಮೇಲೊಂದು ಹಾಸಿ ಟೇಪ್ ಅಂಟಿಸ್ಬೇಕು, ಕಾಂಕ್ರೀಟ್ ಬೀಳೋ ಮುಂಚೆ ಒಂದ್ಸಲ ಬಗ್ಗಿ ಪೂರ್ತಿ ನೋಡ್ಬೇಕು. ತೆಳು ಶೀಟ್ ತಗೋಬೇಡಿ, ಅಷ್ಟೇ.

ಕಂಬಿಯಿಂದ ಹೊರಮೈವರೆಗಿನ ಕಾಂಕ್ರೀಟ್ ದಪ್ಪಕ್ಕೆ ಕವರ್ ಅಂತಾರೆ, ಅದಕ್ಕೆ ಕಂಬಿ ಕೆಳಗೆ ಇಡೋ ಕವರ್ ಬ್ಲಾಕ್ ಕಾಂಕ್ರೀಟಿಂದೇ, ಜಲ್ಲಿ ಚೂರು ಇಟ್ಟು ಎತ್ತಿಡೋದು ಬೇಡ. ನೇರ ಮಣ್ಣಿಗೆ ತಾಗೋ ಹಂಗೆ ಹಾಕಿದ್ರೆ 75 ಮಿಮೀ, ಬೆಡ್ ಕಾಂಕ್ರೀಟ್ ಇದ್ರೆ 50 ಮಿಮೀ ಕವರ್. ತೇವ ಜಾಸ್ತಿ ಇರೋ ಕಡೆ ಕವರ್ ಕಮ್ಮಿ ಆಯ್ತು ಅಂದ್ರೆ ಕಂಬಿ ತುಕ್ಕು ಹಿಡಿದು, ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಗೊಂಡು, ಒಳಗಿಂದಾನೇ ಕಾಂಕ್ರೀಟ್ ಸಿಡಿಯುತ್ತೆ.

ಸರಿ, ಗಾಡಿ ಬಂದ ದಿನ. ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ಮೊದಲ ಗಾಡಿ ಬೇಕು ಅಂತ ಹೇಳಿದ್ವಿ, ಟೈಮಿಗೆ ಬಂತು. ಬಿಸಿಲೇರೋಕೆ ಮುಂಚೆ ಹಾಕಿ ಮುಗಿಸ್ಬೇಕು ಅನ್ನೋದು ಒಂದು, ಇನ್ನೊಂದು ಕಾಂಕ್ರೀಟ್ ಇಳಿಯೋವಾಗ ಅದರ ಶಾಖ 35 ಡಿಗ್ರಿ ದಾಟ್ಬಾರದು ಅಂತ ಸಾಮಾನ್ಯವಾಗಿ ಮಿತಿ ಇಟ್ಕೋತಾರೆ. ಉದ್ದ ಕಡ್ಡಿಯ ಥರ್ಮಾಮೀಟರ್ ತಂದು ಚುಚ್ಚಿ ನೋಡಿದ್ವಿ, ಮೊದಲ ಗಾಡಿ ಆರಾಮಾಗಿ ಒಳಗಿತ್ತು. ಪ್ಲಾಂಟಲ್ಲಿ ಜಲ್ಲಿ ರಾಶಿ ಮೇಲೆ ಶೆಡ್ ಇದೆ, ನೀರು ಚಿಮುಕಿಸ್ತಾರೆ, ಕಲಸೋ ನೀರಿಗೆ ಐಸ್ ಹಾಕ್ತಾರೆ ಅಂತ ಆ ಇಂಜಿನಿಯರ್ ಹೇಳಿದ್ರು, ಅದು ಕೇಳ್ಲೇಬೇಕಾದ ಪ್ರಶ್ನೆ, ಯಾಕಂದ್ರೆ ಮಿಕ್ಸಲ್ಲಿ ತೂಕದಲ್ಲಿ ಜಾಸ್ತಿ ಇರೋದು ಜಲ್ಲಿ ಮರಳೇ, ಅದು ದಿನವೆಲ್ಲಾ ಬಿಸಿಲಲ್ಲಿ ಕಾದಿದ್ರೆ ಐಸ್ ಎಷ್ಟು ಹಾಕಿದ್ರೂ ಸಾಲಲ್ಲ.

ಸ್ಲಂಪ್ ಕೋನ್ ಪರೀಕ್ಷೆ ಮಾಡಿದ್ರು, ಅಂದ್ರೆ ಕೋನಿಗೆ ಕಾಂಕ್ರೀಟ್ ತುಂಬಿ ಕೋನ್ ಎತ್ತಿದಾಗ ಎಷ್ಟು ಕುಸಿಯುತ್ತೆ ಅಂತ ನೋಡೋದು, ಜಾಸ್ತಿ ಕುಸಿದ್ರೆ ಜಾಸ್ತಿ ಮೆತ್ತಗೆ, ಸರಿ ಇತ್ತು. ಪಂಪ್ ಪೈಪ್ ಹಿಡಿದಿದ್ದ ಹುಡುಗ ಐದೇ ನಿಮಿಷಕ್ಕೆ ಶುರು ಮಾಡಿದ, "ಗಟ್ಟಿ ಐತೆ ಅಣ್ಣ, ಸ್ವಲ್ಪ ನೀರ್ ಬಿಡಣ್ಣ" ಅಂತ. ಡ್ರೈವರ್ ಗಾಡಿ ಹಿಂದಿನ ನೀರಿನ ವಾಲ್ವ್ ಮುಟ್ಟಲೇ ಇಲ್ಲ, ನನ್ನ ಕಡೆ ತಿರುಗಿ "ಸಾರ್, ನೀರ್ ಬೇಕಂದ್ರೆ ಚೀಟಿ ಮೇಲೆ ಬರ್ದು ನೀವು ಸೈನ್ ಹಾಕ್ಬೇಕು" ಅಂದ್ರು. ನಂಗೆ ಈ ಕಂಪನಿ ಮೇಲೆ ನಂಬಿಕೆ ಬಂದಿದ್ದು ಆ ಮಾತಿಗೆ. ಒಂದು ಘನ ಮೀಟರಿಗೆ 5 ಲೀಟರ್ ನೀರು ಜಾಸ್ತಿ ಬಿಟ್ರೆ ಸ್ಲಂಪ್ ಸುಮಾರು 25 ಮಿಮೀ ಏರುತ್ತೆ, ಎಳೆಯೋಕೆ ಸುಖ ಆಗುತ್ತೆ, ಆದ್ರೆ ಶಕ್ತಿ ಇಳಿಯುತ್ತೆ, ಆ ನೀರು ಆರಿಹೋದ ಜಾಗ ಎಲ್ಲ ರಂಧ್ರ ಆಗಿ ಉಳಿಯುತ್ತೆ, ಸ್ಲ್ಯಾಬ್ ಕುಗ್ಗೋದೂ ಜಾಸ್ತಿ. ಮೆತ್ತಗೆ ಬೇಕಿದ್ರೆ ಪ್ಲಾಸ್ಟಿಸೈಜರ್ ಇದೆ, ಅದನ್ನ ಪ್ಲಾಂಟಿನ ಟೆಕ್ನಿಷಿಯನ್ನೇ ಬಂದು ಅಳತೆ ಮಾಡಿ ಹಾಕ್ಬೇಕು. ಮುಂದೆ ಯಾರಾದ್ರೂ ರೆಡಿಮಿಕ್ಸ್ ಸರ್ವಿಸ್ ಹೆಂಗಿದೆ ಅಂತ ಕೇಳಿದ್ರೆ ನಾನು ಕೇಳೋದು ಇದೊಂದೇ, ನೀರು ಬಿಡಣ್ಣ ಅಂದಾಗ ಡ್ರೈವರ್ ಏನ್ ಮಾಡಿದ್ರು?

ಮಧ್ಯದಲ್ಲಿ ಒಂದು ಗಾಡಿ ಮಾತ್ರ ತಲೆ ಕೆಡಿಸ್ತು. ಲೇಟಾಗಿ ಬಂತು, ಚೀಟಿ ಮೇಲಿನ ಬ್ಯಾಚ್ ಟೈಮ್ ನೋಡಿದ್ರೆ ಒಂದೂವರೆ ಗಂಟೆ ದಾಟಿತ್ತು, ರಿಟಾರ್ಡರ್ ಇದೆ ಏನೂ ಆಗಲ್ಲ ಅಂತ ಫೋನಲ್ಲಿ ಡಿಸ್ಪ್ಯಾಚ್‌ನವರ ವಾದ. ರಿಟಾರ್ಡರ್ ಇದ್ರೆ ಸ್ವಲ್ಪ ಟೈಮ್ ಸಿಗೋದು ನಿಜ, ಅದಕ್ಕೇ ಬರೀ ಗಡಿಯಾರ ನೋಡಿ ಜಗಳ ಆಡ್ಲಿಲ್ಲ, ಥರ್ಮಾಮೀಟರ್ ಹಾಕಿದ್ವಿ, ಕೋನ್ ಇಟ್ವಿ, ಶಾಖ ಮಿತಿ ಮೇಲೆ, ಸ್ಲಂಪ್ ಬಿದ್ದುಹೋಗಿದೆ. ವಾಪಸ್ ಕಳಿಸಿದ್ವಿ. ಡಿಸ್ಪ್ಯಾಚ್‌ನವರು ಮಾತಾಡಿದ ರೀತಿ ಚೆನ್ನಾಗಿರ್ಲಿಲ್ಲ, ಗಾಡಿ ವಾಪಸ್ ಕಳಿಸೋದು ಗ್ರಾಹಕರ ಹಕ್ಕು ಅನ್ನೋದೇ ಗೊತ್ತಿಲ್ಲದ ಥರ, ಅದಕ್ಕೆ ಸ್ಟಾರ್ ಕಟ್. ಆ ಗ್ಯಾಪಲ್ಲಿ ಕೋಲ್ಡ್ ಜಾಯಿಂಟ್ (ಮೊದಲು ಹಾಕಿದ್ದು ಸೆಟ್ ಆಗಿ ಹೊಸದು ಅದಕ್ಕೆ ಸರಿಯಾಗಿ ಬೆಸೆಯದೇ ಇರೋದು) ಆಗ್ಬಾರದು ಅಂತ ಮೊದಲೇ ಜಾಯಿಂಟ್ ಬರೋ ಜಾಗಕ್ಕೆ ಹಲಗೆ ನಿಲ್ಲಿಸಿ ಇಟ್ಕೊಂಡಿದ್ವಿ, ಅಲ್ಲಿಗೇ ನಿಲ್ಸಿದ್ವಿ, ಮುಂದಿನ ಗಾಡಿ ಅಲ್ಲಿಂದ ಶುರು. ಇದನ್ನ ನಿಮ್ಮ ಇಂಜಿನಿಯರ್ ಹತ್ರ ಮುಂಚೇನೇ ಕೇಳಿ ಇಟ್ಕೊಳ್ಳಿ, ಗಾಡಿ ಬರದೇ ಇದ್ರೆ ಎಲ್ಲಿ ನಿಲ್ಸೋದು ಅಂತ.

ಫೈಬರ್ ಬಗ್ಗೆ ಕೇಳಿದ್ರು ಕೆಲವರು. ಪಾಲಿಪ್ರೊಪಿಲೀನ್ ಫೈಬರ್, ಘನ ಮೀಟರಿಗೆ 900 ಗ್ರಾಂ ಲೆಕ್ಕದಲ್ಲಿ ಪ್ಲಾಂಟಲ್ಲೇ ಹಾಕಿಸಿದ್ವಿ. ಮೊದಲ ಕೆಲವು ಗಂಟೆಯಲ್ಲಿ ಬರೋ ಸಣ್ಣ ಬಿರುಕಿಗೆ ಉಪಯೋಗ, ಕಂಬಿ ಬದಲಿಗೆ ಅಲ್ಲವೇ ಅಲ್ಲ. ಮೇಲ್ಮೈ ಮೇಲೆ ಒಂದೊಂದು ಕಡೆ ಕೂದಲು ಎದ್ದಂಗೆ ಕಾಣುತ್ತೆ, ಟೈಲ್ಸ್ ಹಾಕೋ ನೆಲಕ್ಕೆ ಪರವಾಗಿಲ್ಲ, ಪಾಲಿಶ್ ನೆಲ ಮಾಡೋರು ಯೋಚ್ನೆ ಮಾಡಿ.

ಈಗ ಸೆಕೆ ಜಾಸ್ತಿ ಇರೋ ಊರಿನವರ ದೊಡ್ಡ ತಪ್ಪು ಕಲ್ಪನೆ. ಗಾಳೀಲಿ ತೇವ ಇದೆಯಲ್ಲ, ಕಾಂಕ್ರೀಟ್ ಬೇಗ ಒಣಗಲ್ಲ ಬಿಡಿ ಅಂತ. ಗಾಳಿ ತೇವ ಇದ್ರೆ ಆವಿ ಕಮ್ಮಿ ಆಗೋದು ಹೌದು, ಆದ್ರೆ ಕಾಂಕ್ರೀಟ್ ಗಾಳಿಗಿಂತ ಬಿಸಿ ಇದ್ದು ಜೊತೆಗೆ ಸ್ವಲ್ಪ ಗಾಳಿ ಬೀಸಿದ್ರೆ ಸಾಕು ನೀರು ಎದ್ದು ಹೋಗುತ್ತೆ. ಒಂದು ಚದರ ಮೀಟರಿಂದ ಗಂಟೆಗೆ 1 ಕೆಜಿ ನೀರು ಆರೋ ಮಟ್ಟಕ್ಕೆ ಬಂತು ಅಂದ್ರೆ ಮೇಲ್ಮೈ ಹಸಿ ಇರೋವಾಗ್ಲೇ ಬಿರುಕು ಬರೋ ಅಪಾಯ ಅಂತ ಇಂಜಿನಿಯರ್‌ಗಳು ಲೆಕ್ಕ ಇಟ್ಕೋತಾರೆ, ಸ್ಲ್ಯಾಗ್ ಹಾರುಬೂದಿ ಇರೋ ಮಿಕ್ಸಲ್ಲಿ ಮೇಲಕ್ಕೆ ಬರೋ ನೀರು ನಿಧಾನ ಆದ್ರಿಂದ ಇನ್ನೂ ಮುಂಚೇನೇ ಬರಬಹುದು. ಹಂಗಾಗಿ ಮಟ್ಟ ಎಳೆದ ತಕ್ಷಣ ಮಂಜಿನ ಥರ ಸಣ್ಣಗೆ ನೀರು ಗಾಳಿಗೆ ಸ್ಪ್ರೇ ಮಾಡ್ತಾ ಇದ್ವಿ, ಗಾಳಿ ಬರೋ ಕಡೆ ಪರದೆ ಕಟ್ಟಿದ್ವಿ. ಅದೇ ತೇವದ ಇನ್ನೊಂದು ಕಾಟ, ಮೋಡ ಮುಚ್ಕೊಂಡ ಹೊತ್ತಲ್ಲಿ ಮೇಲಕ್ಕೆ ಬಂದ ನೀರು ಆರೋದೇ ಇಲ್ಲ, ಕರಣೆ ಹಿಡಿದೋರಿಗೆ ತಾಳ್ಮೆ ಇರಲ್ಲ, ಒಣ ಸಿಮೆಂಟ್ ಉದುರಿಸಿ ತಿಕ್ಕಿಬಿಡ್ತಾರೆ. ಆ ತೆಳು ಪದರ ಆಮೇಲೆ ಪುಡಿ ಪುಡಿಯಾಗಿ ಏಳೋದು ಗ್ಯಾರಂಟಿ. ಸಿಮೆಂಟ್ ಚೀಲವನ್ನೇ ಆ ಕಡೆ ಬರದ ಹಂಗೆ ನೋಡ್ಕೊಳ್ಳಿ, ಬಾಯಲ್ಲಿ ಹೇಳಿದ್ರೆ ಕೇಳಲ್ಲ.

ಜಾಯಿಂಟ್ ಕಟಿಂಗ್, ಅಂದ್ರೆ ಕುಗ್ಗೋ ಬಿರುಕು ಗೆರೆ ಒಳಗೇ ಬರಲಿ ಅಂತ ಸ್ಲ್ಯಾಬ್ ಮೇಲೆ ಗೆರೆ ಕತ್ತರಿಸೋದು, ಬೇರೆ ತಂಡ. 125 ಮಿಮೀ ಸ್ಲ್ಯಾಬಿಗೆ 3 ಮೀಟರಿಗೊಂದು, ಆಳ ದಪ್ಪದ ಕಾಲು ಭಾಗ. ಬಿಸಿಲ ದಿನ ಇದನ್ನ ಅವತ್ತೇ ಕತ್ತರಿಸ್ಬೇಕು, ಬ್ಲೇಡ್ ಹೋದಾಗ ಅಂಚು ಕಿತ್ಕೊಂಡು ಬರದಷ್ಟು ಗಟ್ಟಿ ಆದ ತಕ್ಷಣ. "ನಾಳೆ ಬೆಳಗ್ಗೆ ಬರ್ತೀವಿ ಸಾರ್" ಅಂತಾರೆ, ನಾಳೆ ಬೆಳಗ್ಗೆ ಹೊತ್ತಿಗೆ ಸ್ಲ್ಯಾಬ್ ತನಗೆ ಬೇಕಾದ ಕಡೆ ತಾನೇ ಕತ್ತರಿಸ್ಕೊಂಡಿರುತ್ತೆ. ನಮ್ಮವರು ಕತ್ತಲಾದ್ಮೇಲೆ ಲೈಟ್ ಹಾಕ್ಕೊಂಡು ಕತ್ತರಿಸಿದ್ರು, ಗೊಣಗ್ತಾನೇ, ಆದ್ರೆ ಗೆರೆ ನೇರ ಇದೆ.

ಕ್ಯೂರಿಂಗಲ್ಲಿ ಒಂದು ವಿಷಯ ಯಾರೂ ಹೇಳಲ್ಲ. ಸ್ಲ್ಯಾಬ್ ಮೇಲೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸೋದು ಮಾಮೂಲಿ, ಮೇಲ್ಛಾವಣಿಗೆ ಅದು ಬೆಸ್ಟು. ಎರೆ ಮಣ್ಣಿನ ಮೇಲಿನ ನೆಲದ ಸ್ಲ್ಯಾಬಿಗೆ ಅಂಚಿನ ಕಟ್ಟೆಯಿಂದ ಎರಡು ವಾರ ನೀರು ಸೋರ್ತಾ ಇದ್ರೆ ಸುತ್ತಲಿನ ಮಣ್ಣು ಮಾತ್ರ ಕುಡ್ಕೊಂಡು ಉಬ್ಬುತ್ತೆ, ಮಧ್ಯ ಒಣಗಿರುತ್ತೆ, ಹೊಸ ಕಾಂಕ್ರೀಟಿಗೆ ಮೊದಲ ಹೊಡೆತ ನಾವೇ ಕೊಟ್ಟಂಗೆ. ಒದ್ದೆ ಗೋಣಿ ಹಾಸಿ ಮೇಲೆ ಪ್ಲಾಸ್ಟಿಕ್ ಮುಚ್ಚಿ, ಗೋಣಿ ಒಣಗದ ಹಂಗೆ ನೋಡ್ಕೊಂಡ್ರೆ ಕಮ್ಮಿ ನೀರಲ್ಲಿ ಅದೇ ಕೆಲಸ ಆಗುತ್ತೆ. ಹೊರಗಿನ ಜಗುಲಿ ಭಾಗಕ್ಕೆ ಬಿಳಿ ಕ್ಯೂರಿಂಗ್ ಕಾಂಪೌಂಡ್ ಹೊಡೆಸಿದ್ವಿ, ಬಿಳಿ ಬಣ್ಣಕ್ಕೆ ಬಿಸಿಲು ವಾಪಸ್ ಹೋಗುತ್ತೆ, ಎಲ್ಲಿ ಬಿಟ್ಟುಹೋಗಿದೆ ಅಂತಾನೂ ಕಾಣುತ್ತೆ, ಹೊಳೆಯೋ ನೀರು ಮಾಯ ಆದ ತಕ್ಷಣ ಹೊಡೀಬೇಕು, ಮೊದಲೂ ಅಲ್ಲ ಮಾರನೇ ದಿನವೂ ಅಲ್ಲ. ಟೈಲ್ಸ್ ಅಂಟಿಸೋ ಜಾಗಕ್ಕೆ ಬೇಡ, ಅಂಟು ಹಿಡಿಯಲ್ಲ.

ಈಗಿನ ಸ್ಥಿತಿ ಹೇಳ್ಬೇಕಂದ್ರೆ, ಸ್ಲ್ಯಾಬ್ ಮೇಲೆ ಜಾಯಿಂಟ್ ಗೆರೆ ಒಳಗೆ ಕೂದಲೆಳೆ ಬಿರುಕು ಬಿಟ್ಟಿದೆ, ಬಿಡ್ಬೇಕಾದ ಜಾಗವೇ ಅದು. ಒಂದು ಮೂಲೇಲಿ ಜಾಯಿಂಟಿಂದ ಹೊರಗೆ ಒಂದು ಸಣ್ಣ ಓರೆ ಬಿರುಕು ಇದೆ, ಅಲ್ಲಿ ಮೇಲಿನಿಂದ ಇಳಿಯೋ ಮಳೆ ನೀರಿನ ಪೈಪ್ ಗೋಡೆ ಬುಡಕ್ಕೇ ಬಿಡ್ತಿತ್ತು, ಪೈಪ್ ಮುಂದಕ್ಕೆ ತಗೊಂಡು ಹೋಗಿ ಚರಂಡಿಗೆ ಸೇರಿಸಿದ್ಮೇಲೆ ಬಿರುಕಿನ ಎರಡೂ ಕಡೆ ಪೆನ್ಸಿಲಲ್ಲಿ ಗುರುತು ಹಾಕಿ ದಿನಾಂಕ ಬರೆದಿಟ್ಟೆ, ಆಮೇಲೆ ಅದು ಬೆಳೆದಿಲ್ಲ. ಬಾಗಿಲುಗಳು ಮಳೆಗಾಲದಲ್ಲೂ ಹಿಡಿದುಕೊಳ್ತಿಲ್ಲ. ಸುತ್ತ ಅಂಗಳದ ಇಳಿಜಾರು ಹೊರಗಡೆಗೆ, ಮೊದಲ 3 ಮೀಟರಲ್ಲಿ 150 ಮಿಮೀ ಇಳಿಯೋ ಹಂಗೆ. ಶೌಚದ ಪೈಪ್ ಸ್ಲ್ಯಾಬಿಂದ ಹೊರಗೆ ಬರೋ ಕಡೆ ಅಲುಗಾಡೋಕೆ ಬಿಡೋ ಜಾಯಿಂಟ್, ಅಲ್ಲಿ ಗಟ್ಟಿ ಸಿಮೆಂಟ್ ಮಾಡಿದ್ರೆ ಮಣ್ಣು ಕದಲಿದಾಗ ಪೈಪ್ ಮುರಿದು ಯಾರಿಗೂ ಕಾಣದಂಗೆ ಪಾಯದ ಕೆಳಗೇ ಸೋರ್ತಾ ಇರುತ್ತೆ. ದೊಡ್ಡ ಮರ ನೆಡೋದಿದ್ರೆ ಅದು ಬೆಳೆದಾಗ ಎಷ್ಟು ಎತ್ತರ ಆಗುತ್ತೋ ಅಷ್ಟು ದೂರ, ಬೇರು ಒಂದು ಕಡೆ ಮಣ್ಣಿನ ನೀರು ಎಳೆದ್ರೆ ಆ ಕಡೆ ಕುಸಿಯುತ್ತೆ.

ಒಟ್ಟು ಐದಕ್ಕೆ ನಾಲ್ಕು ಕೊಡ್ತೀನಿ ಈ ರೆಡಿಮಿಕ್ಸ್ ಸರ್ವಿಸಿಗೆ. ಕಟ್ ಆಗಿದ್ದು ಡಿಸ್ಪ್ಯಾಚ್‌ನವರ ಬಾಯಿಗೆ, ಮತ್ತೆ ಕ್ಯೂಬ್ ಟೆಸ್ಟ್ (ಅದೇ ಕಾಂಕ್ರೀಟನ್ನ ಅಚ್ಚಿಗೆ ತುಂಬಿ ಆಮೇಲೆ ಒತ್ತಿ ಒಡೆದು ಶಕ್ತಿ ನೋಡೋದು) ರಿಪೋರ್ಟಿಗೆ ಎಷ್ಟೊಂದು ಸಲ ಫೋನ್ ಮಾಡಿಸ್ಕೊಂಡಿದ್ದಕ್ಕೆ. 28 ದಿನದ ರಿಪೋರ್ಟ್ ಸ್ಲ್ಯಾಗ್ ಮಿಕ್ಸಿಗೆ ಪಾಸ್ ಆಗಿತ್ತು, 7 ದಿನದ್ದು ಕಮ್ಮಿ ಬಂದಿತ್ತು, ಅದು ನೋಡಿ ಗಾಬರಿ ಆಗ್ಬೇಡಿ, ಆ ಮಿಕ್ಸ್ ಇರೋದೇ ಹಂಗೆ. ಕ್ಯೂಬ್ ತುಂಬೋದು ಗಾಡಿಯಿಂದ ನಿಮ್ಮ ಸೈಟಲ್ಲಿ, ನಿಮ್ಮ ಕಣ್ಣೆದುರಿಗೆ ಆಗ್ಬೇಕು, ಪ್ಲಾಂಟಲ್ಲೇ ತುಂಬಿದ ಕ್ಯೂಬಿನ ರಿಪೋರ್ಟ್ ಕೊಟ್ರೆ ಅದು ದಾರೀಲಿ ಕಾದು ಬಂದ ಕಾಂಕ್ರೀಟಿನ ರಿಪೋರ್ಟ್ ಅಲ್ಲ, ಆರ್ಡರ್ ಕೊಡೋವಾಗ್ಲೇ ಇದನ್ನ ಬರೆಸ್ಕೊಳ್ಳಿ.